ಕರಡಿಮರಿಯ ಬೇಕರಿ

ಯಾಗೋದಾಳ ಬೀನ್ಸ್ ಸಾರು ತಳ ಹತ್ತಿದ್ದು ಆ ತಿಂಗಳಲ್ಲಿ ಅದು ಮೂರನೆಯ ಸಲ. ಮೊದಲೆರಡು ಸಲ ಗಂಡ ಮಿಲುಟಿನ್ ಏನೂ ಅಂದಿರಲಿಲ್ಲ. ಬೆಳಗಿನ ಐದಕ್ಕೆ ಮನೆ ಬಿಟ್ಟು, ಲೆಸ್ಕೋವಾತ್ಸ್ ಪಟ್ಟಣದ ಬೀದಿಗಳಲ್ಲಿ ಬಸ್ಸು ಓಡಿಸಿ, ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದವನಿಗೆ ಜಗಳಕ್ಕಿಂತ ಊಟ ಮುಖ್ಯವಾಗಿತ್ತು. ಈ ಸಲ ಮಾತ್ರ ಅವನು ಕೈ ತೊಳೆದು ಬಂದು ಕೂತು, ಬ್ರೆಡ್ಡು ಮುರಿದು, ಮೊದಲ ಚಮಚ ಬಾಯಿಗಿಟ್ಟವನೇ ಚಮಚವನ್ನು ತಟ್ಟೆಯ ಪಕ್ಕಕ್ಕೆ ಇಟ್ಟುಬಿಟ್ಟ.

"ಮತ್ತೆ ಸೀದಿದೆ."

"ಹೊಗೆ ಹಾಕಿದ ಮಾಂಸ ಇದೆಯಲ್ಲ ಒಳಗೆ, ಅದರ ವಾಸನೆ," ಎಂದಳು ಯಾಗೋದಾ.

"ಯಾವುದು ಮಾಂಸದ ಹೊಗೆ, ಯಾವುದು ಪಾತ್ರೆಯ ಹೊಗೆ ಅಂತ ಅರವತ್ತು ವರ್ಷದ ನಾಲಿಗೆಗೆ ಗೊತ್ತಾಗಲ್ವಾ?"

ಮಗಳು ಟಿಯಾನಾ ಮೇಜಿನ ಆ ಕಡೆ ಕೂತು ನಗು ತಡೆದುಕೊಂಡಿದ್ದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಆ ವಾರ ಅವಳಿಗೆ ಮಧ್ಯಾಹ್ನದ ಪಾಳಿ.

"ಅಮ್ಮನ್ನ ಬೈಬೇಡ ಅಪ್ಪ. ಕರಡಿಮರಿಗೆ ಇವತ್ತು ಮೂವತ್ತು ಸ್ಟ್ರಾಬೆರಿ ಬೇಕಿತ್ತಂತೆ."

"ಕರಡಿಗೆ ಊಟ ಆಯ್ತಲ್ಲ, ಸಂತೋಷ," ಎಂದು ಮಿಲುಟಿನ್ ಬ್ರೆಡ್ಡಿಗೆ ಚೀಸು ಹಚ್ಚಿಕೊಂಡ.

ಕರಡಿಮರಿಯ ಆ ಆಟವನ್ನು ಯಾಗೋದಾಳ ಫೋನಿಗೆ ಹಾಕಿಕೊಟ್ಟವಳು ಟಿಯಾನಾಳೇ. ಒಂದೂವರೆ ವರ್ಷದ ಹಿಂದೆ ಯಾಗೋದಾಳ ಅತ್ತೆ ಸ್ತಾಮೆನಾ ಮೆಟ್ಟಿಲ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಆಸ್ಪತ್ರೆಯ ಓಣಿಯ ಬೆಂಚಿನ ಮೇಲೆ ತಾಯಿ ಸುಮ್ಮನೆ ಗೋಡೆ ನೋಡುತ್ತ ಕೂತಿರುವುದನ್ನು ಕಂಡು, "ತಗೋ, ಇದನ್ನ ಆಡು. ಇದರಲ್ಲಿ ನಿನ್ನ ಹೆಸರೂ ಇದೆ," ಎಂದು ಕೊಟ್ಟಿದ್ದಳು. ಅವರ ಭಾಷೆಯಲ್ಲಿ ಯಾಗೋದಾ ಅಂದರೆ ಸ್ಟ್ರಾಬೆರಿ. ಆಟದಲ್ಲಿ ಒಂದು ಕರಡಿಮರಿ ಕಾಡಿನೊಳಗೆ ಬೇಕರಿ ಇಟ್ಟಿತ್ತು. ಒಂದೇ ಬಗೆಯ ಮೂರು ಹಣ್ಣುಗಳನ್ನು ಸಾಲಾಗಿ ಜೋಡಿಸಿದರೆ ಅವು ಒಡೆದು ಅದರ ಬುಟ್ಟಿಗೆ ಬೀಳುತ್ತಿದ್ದವು. ಗೆದ್ದರೆ ಬಾತುಕೋಳಿಗಳು ಸಾಲುಗಟ್ಟಿ ಕುಣಿಯುತ್ತಿದ್ದವು. ಸೋತರೆ ಕರಡಿಮರಿ ಎರಡೂ ಪಂಜದಿಂದ ಕಣ್ಣು ಮುಚ್ಚಿಕೊಂಡು ಬಿಕ್ಕುತ್ತಿತ್ತು. ಅದು ಬಿಕ್ಕುವುದನ್ನು ಯಾಗೋದಾ ನೋಡಲಾರದೆ ಇನ್ನೊಂದು ಸಲ ಆಡುತ್ತಿದ್ದಳು.

ಅತ್ತೆಯ ಮೂಳೆ ಕೂಡಿತು, ನೆನಪು ಮಾತ್ರ ಅಲ್ಲಿಂದ ಸಡಿಲವಾಗುತ್ತ ಬಂತು. ಎಂಬತ್ತಮೂರರ ಸ್ತಾಮೆನಾ ಈಗ ಬಹುಪಾಲು ತನ್ನ ತವರಿನ ಬೆಟ್ಟದಲ್ಲಿ, ಹನ್ನೆರಡು ವರ್ಷದ ಹುಡುಗಿಯಾಗಿ ಆಡು ಮೇಯಿಸುತ್ತಿದ್ದಳು. ಅವಳಿಗೆ ತಿನ್ನಿಸುವುದು, ಮೀಯಿಸುವುದು, ಬಟ್ಟೆ ಬದಲಿಸುವುದು ಯಾಗೋದಾಳ ಪಾಲಿಗೆ ಬಂತು. ಇಪ್ಪತ್ತಾರು ವರ್ಷ ದುಡಿದಿದ್ದ ಉಣ್ಣೆ ಗಿರಣಿ ಮುಚ್ಚಿದಾಗಿನಿಂದ ಅವಳು ಮನೆಯಲ್ಲೇ ಇದ್ದಳಲ್ಲ. ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಹಾಗಾಯಿತು.

ಆಟ ಸಾವಿರದ ಮೇಲಿನ ಹಂತಕ್ಕೆ ಹೋಗಿತ್ತು. ಮೂವತ್ತು ಹೆಂಗಸರ ಒಂದು ತಂಡವೂ ಆಗಿತ್ತು, 'ಅಡುಗೆಮನೆ ದಂಡು' ಅಂತ ಹೆಸರು. ಝಾಯೆಚಾರಿನ ಬೋಸಿಲ್ಕಾ, ಗಡಿಯಾಚೆ ಸ್ಕೋಪ್ಯೆಯ ಲಿಲ್ಯಾನಾ, ಇನ್ನೂ ಯಾರ್ಯಾರೋ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಸೋತಾಗ ಮತ್ತೆ ಆಡಲು ಬೇಕಾದ ಜೀವವನ್ನು ಒಬ್ಬರಿಗೊಬ್ಬರು ಕಳಿಸುವರು, ಜೊತೆಗೆ ಎರಡು ಸಾಲು ಬರೆಯುವರು. ವಸಂತದಲ್ಲಿ ಅವರೆಲ್ಲ ಸೇರಿ ಯಾಗೋದಾಳನ್ನು ನಾಯಕಿ ಮಾಡಿದ್ದರು.

ಭಾನುವಾರ ಮಿಲುಟಿನನ ತಂಗಿ ಝಿವ್ಕಾ ಬಂದಳು. ಮೂರು ಬೀದಿ ಆಚೆ ಮನೆ. ವಾರಕ್ಕೊಮ್ಮೆ ತುಟಿಗೆ ಬಣ್ಣ ಹಚ್ಚಿ, ಕೈಯಲ್ಲೊಂದು ಮಿಠಾಯಿ ಡಬ್ಬ ಹಿಡಿದು, ತಾಯಿಯ ಪಕ್ಕ ಒಂದು ಗಂಟೆ ಕೂತು ಹೋಗುವುದು ಅವಳ ರೂಢಿ.

"ಅಮ್ಮನ ಉಗುರು ನೋಡು ಎಷ್ಟು ಬೆಳೆದಿವೆ," ಎಂದಳು.

"ಕತ್ತರಿ ಕಂಡ್ರೆ ಕಿರುಚ್ತಾರೆ. ನಿದ್ದೆ ಹತ್ತಿದ ಮೇಲೆ ಒಂದೊಂದೇ ತೆಗೀತೀನಿ," ಎಂದಳು ಯಾಗೋದಾ.

"ಫೋನ್ ಹಿಡಿದ ಕೈಗೆ ಕತ್ತರಿ ಹಿಡಿಯೋಕೆ ಪುರುಸೊತ್ತು ಎಲ್ಲಿರತ್ತೆ ಬಿಡು. ಐವತ್ತೇಳು ವರ್ಷ ಆಯ್ತು ಯಾಗೋದಾ ನಿನಗೆ. ಆಡೋ ವಯಸ್ಸಾ ಇದು?"

ಯಾಗೋದಾ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು, ನಲ್ಲಿ ತಿರುಗಿಸಿ, ನೀರು ಸುರಿಯುತ್ತಿರುವಾಗಲೇ ಒಂದು ಆಟ ಆಡಿ ಮುಗಿಸಿದಳು.

ಸೆಪ್ಟೆಂಬರಿನ ಕೊನೆಯ ಶನಿವಾರ ಮೆಣಸಿನಕಾಯಿ ಸುಡುವ ದಿನ. ಆ ಊರಿನಲ್ಲಿ ಆ ಹೊತ್ತಿಗೆ ಯಾವ ಅಂಗಳಕ್ಕೆ ಹೋದರೂ ಅದೇ ಹೊಗೆ. ಉದ್ದನೆಯ ದಪ್ಪ ಕೆಂಪು ಮೆಣಸಿನಕಾಯಿಯನ್ನು ಸೌದೆ ಒಲೆಯ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಅರೆದು, ಎಣ್ಣೆಯಲ್ಲಿ ಮೂರು ಗಂಟೆ ಕೈಬಿಡದೆ ಮಗುಚಿದರೆ ಚಳಿಗಾಲಕ್ಕೆಲ್ಲ ಆಗುವಷ್ಟು ಐವಾರ್ ಎಂಬ ಗೊಜ್ಜು. ಅರವತ್ತು ಕಿಲೋ ತರಿಸಿಟ್ಟಿದ್ದರು. ಮಿಲುಟಿನ್ ಬಸ್ಸಿನ ಕೆಲಸದಲ್ಲಿ, ಟಿಯಾನಾ ಅಂಗಡಿಯಲ್ಲಿ. ಒಂಬತ್ತಕ್ಕೆ ಬಂದು ಕೈ ಜೋಡಿಸುತ್ತೇನೆ ಎಂದಿದ್ದ ಝಿವ್ಕಾ, ಮನೆಗೆ ನೆಂಟರು ಬಂದಿದ್ದಾರೆ ಎಂದು ಎಂಟೂವರೆಗೆ ಸುದ್ದಿ ಕಳಿಸಿದಳು.

ಯಾಗೋದಾ ಒಬ್ಬಳೇ ಶುರು ಮಾಡಿದಳು. ಅತ್ತೆಯನ್ನು ಪ್ಲಮ್ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಮಡಿಲಿಗೆ ಒಂದು ಬಟ್ಟಲು ಅಕ್ರೋಟು ಕೊಟ್ಟಳು. ಹಿಂದಿನ ದಿನ ಸುಲಿದಿಟ್ಟಿದ್ದ ಒಂದು ಪಾಲು ಆಗಲೇ ಅಗಲ ಬಾಣಲೆಯಲ್ಲಿ ಕುದಿಯುತ್ತಿತ್ತು. ಪಕ್ಕದ ಒಲೆಯ ತಗಡಿನ ಮೇಲೆ ಹೊಸ ಮೆಣಸಿನಕಾಯಿ ಸಿಡಿಯುತ್ತಿದ್ದವು. ಮಗುಚಿದ ತರಕಾರಿ ಪೆಟ್ಟಿಗೆಯ ಮೇಲೆ ಫೋನು. ತಂಡಗಳ ಪಂದ್ಯ ಅವತ್ತು ಹನ್ನೊಂದಕ್ಕೆ ಮುಗಿಯುವುದಿತ್ತು, ಅಡುಗೆಮನೆ ದಂಡು ಎರಡನೆಯ ಸ್ಥಾನದಲ್ಲಿತ್ತು.

"ಆಡು ಒಳಗೆ ಬಂದ್ವಾ?" ಎಂದು ಸ್ತಾಮೆನಾ ಕೇಳಿದಳು.

"ಬಂದ್ವು ಅತ್ತೆ. ಬಾಗಿಲು ಹಾಕಿದೀನಿ."

ದಿನಕ್ಕೆ ನಲವತ್ತು ಸಲ ಬರುವ ಪ್ರಶ್ನೆ, ನಲವತ್ತು ಸಲ ಅದೇ ಉತ್ತರ. ಯಾಗೋದಾ ಒಂದು ಕೈಯಲ್ಲಿ ಬಾಣಲೆ ಮಗುಚಿದಳು, ಇನ್ನೊಂದು ಕೈಯಲ್ಲಿ ಹಣ್ಣು ಸರಿಸಿದಳು. ಹನ್ನೊಂದಕ್ಕೆ ಆರು ನಿಮಿಷವಿತ್ತು. ಅತ್ತೆ ಮತ್ತೆ ಏನೋ ಕೇಳಿದಳು, ಇವಳು ಏನೋ ಅಂದಳು. ಬಾತುಕೋಳಿಗಳು ಕುಣಿದವು. ದಂಡು ಮೊದಲ ಸ್ಥಾನಕ್ಕೆ ಬಂತು. ಯಾಗೋದಾ ತಲೆ ಎತ್ತಿ ನೋಡಿದರೆ ಪ್ಲಮ್ ಮರದ ಕೆಳಗೆ ಅಕ್ರೋಟಿನ ಬಟ್ಟಲು ನೆಲದ ಮೇಲಿತ್ತು, ಕುರ್ಚಿ ಖಾಲಿ, ಗೇಟು ತೆರೆದಿತ್ತು.

ಮನೆಯೊಳಗೆ ನೋಡಿದಳು, ಹಿತ್ತಲು ನೋಡಿದಳು. ಏಪ್ರನ್ನಿನಲ್ಲೇ ಬೀದಿಗೆ ಓಡಿದಳು. ಎದುರುಮನೆಯ ಹೆಂಗಸು ನೋಡಿಲ್ಲ ಅಂದಳು. ಬ್ರೆಡ್ಡಿನ ಅಂಗಡಿಯವನು ನೋಡಿಲ್ಲ ಅಂದ. ಸಂತೆಯ ಸಾಲುಗಳಲ್ಲಿ, ಇಗರ್ಜಿಯ ಅಂಗಳದಲ್ಲಿ, ಹೊಳೆಯ ಸೇತುವೆಯ ಎರಡೂ ಬದಿ ಹುಡುಕಿದಳು. ಸೇತುವೆಯ ಕಂಬಿ ಹಿಡಿದು ಕೆಳಗಿನ ನೀರನ್ನು ನೋಡುತ್ತಿರುವಾಗ ತಾನು ಕೊನೆಯದಾಗಿ ಆಡಿದ ಮಾತು ನೆನಪಾಯಿತು. ಆಡು ಬಂದ್ವಾ ಎಂದು ಅತ್ತೆ ಕೇಳಿದ್ದಳು. ಇವಳು, ಕಣ್ಣು ಫೋನಿನಲ್ಲಿಟ್ಟು, "ಇನ್ನೂ ಇಲ್ಲ, ಒಂದ್ನಿಮಿಷ ಇರಿ," ಅಂದಿದ್ದಳು. ಯಾಗೋದಾ ಏಪ್ರನ್ನಿನಿಂದ ಮುಖ ಒರೆಸಿಕೊಂಡಳು. ದಾರಿಹೋಕನೊಬ್ಬ, "ಏನಾಯ್ತಮ್ಮ, ನೀರು ಬೇಕಾ?" ಎಂದು ಕೇಳಿ ಹೋದ.

ಹನ್ನೆರಡೂ ಮುಕ್ಕಾಲಿಗೆ ಮಿಲುಟಿನನ ಫೋನು ಬಂತು.

"ಅಮ್ಮ ಎಲ್ಲಿದಾಳೆ ಅಂತ ಗೊತ್ತಾ ನಿನಗೆ?"

ಯಾಗೋದಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ನಮ್ಮ ಡ್ರೈವರ್ ಸಿನಿಶಾನ ಬಸ್ಸಲ್ಲಿ ಇದಾಳೆ. ಮನೇಲಿ ಹಾಕೋ ಚಪ್ಪಲೀಲೇ ಹತ್ತಿ ಕೂತು, ಕೊನೇ ಹಳ್ಳಿವರೆಗೂ ಹೋಗಿದಾಳೆ. ಇಳಿ ಅಂದ್ರೆ, ನನ್ನ ಮಗ ಓಡಿಸ್ತಿದಾನೆ, ಅವನು ಹೇಳಿದಾಗ ಇಳೀತೀನಿ ಅಂದ್ಲಂತೆ. ಅವನಿಗೆ ಗುರುತು ಸಿಕ್ಕಿದ್ದಕ್ಕೆ ಸರಿಹೋಯ್ತು."

ಮನೆಗೆ ಓಡಿ ಬಂದಾಗ ಬಾಣಲೆಯಿಂದ ಕಪ್ಪು ಹೊಗೆ ಏಳುತ್ತಿತ್ತು. ಬಟ್ಟೆ ಹುಡುಕುವ ತಾಳ್ಮೆ ಇರಲಿಲ್ಲ, ಬರಿಗೈಯಲ್ಲೇ ಹಿಡಿ ಹಿಡಿದು ಎಳೆದಳು. ಬಾಣಲೆ ವಾಲಿತು, ಕುದಿಯುತ್ತಿದ್ದ ಕೆಂಪು ಮುದ್ದೆ ಬಲಗೈಯ ಮೇಲೆ, ಮಣಿಕಟ್ಟಿನವರೆಗೆ ಬಿತ್ತು.

ಆ ಸಂಜೆ ಊಟದ ಮೇಜಿಗೆ ಝಿವ್ಕಾಳೂ ಬಂದಿದ್ದಳು. ಊಟ ಅಂದರೆ ಟಿಯಾನಾ ಬರುವಾಗ ತಂದ ಮಾಂಸದ ಕಡುಬು, ಮೊಸರು. ಯಾಗೋದಾಳ ಬಲಗೈ ಬಿಳಿ ಪಟ್ಟಿಯೊಳಗೆ ದಿಂಬಿನಂತೆ ಮೇಜಿನ ಮೇಲಿತ್ತು. ಸ್ತಾಮೆನಾ ಮಾತ್ರ ಉಲ್ಲಾಸದಲ್ಲಿದ್ದಳು. ಸಿನಿಶಾ ಕೊಡಿಸಿದ ಎಳ್ಳಿನ ಬ್ರೆಡ್ಡನ್ನು ಮುರಿದು ಮುರಿದು ಎಲ್ಲರಿಗೂ ಹಂಚುತ್ತಿದ್ದಳು.

"ಕರಡಿಗೆ ಮಿಠಾಯಿ ತಿನ್ನಿಸ್ತಾ ನನ್ನಮ್ಮನ್ನ ಬೀದಿಗೆ ಬಿಟ್ಟೆ," ಎಂದಳು ಝಿವ್ಕಾ. "ಲಾರಿ ಕೆಳಗೆ ಬಿದ್ದಿದ್ರೆ? ಹೊಳೆಗೆ ಬಿದ್ದಿದ್ರೆ?"

"ನಿಮ್ಮ ನೆಂಟರು ಹೋದ್ರಾ ಝಿವ್ಕಾತ್ತೆ?" ಎಂದು ಟಿಯಾನಾ ಕೇಳಿದಳು.

"ನೀನು ಸುಮ್ನಿರು. ದೊಡ್ಡೋರ ಮಾತು ಇದು."

"ನಾನು ಬಸ್ ನಿಲ್ದಾಣದಲ್ಲಿ ಎಲ್ಲರ ಮುಂದೆ ನನ್ನಮ್ಮನ್ನ ಕೈ ಹಿಡಿದು ಇಳಿಸಿಕೊಂಡೆ," ಎಂದ ಮಿಲುಟಿನ್. ಅವನ ದನಿ ಏರಿರಲಿಲ್ಲ, ಅದೇ ಯಾಗೋದಾಗೆ ಹೆಚ್ಚು ಕಷ್ಟವಾಯಿತು. "ಮನೇಲಿ ಯಾರೂ ಇರಲಿಲ್ವಾ ಅಂತ ಒಬ್ಬ ಕೇಳ್ದ. ಇದ್ರು ಅಂದೆ. ಮುಂದೆ ಏನು ಹೇಳ್ಲಿ?"

ಯಾಗೋದಾ ಎಡಗೈಯಿಂದ ಏಪ್ರನ್ನಿನ ಜೇಬಿನೊಳಗಿನ ಫೋನು ತೆಗೆದು ಗಂಡನ ತಟ್ಟೆಯ ಪಕ್ಕ ಇಟ್ಟಳು. ಅವನು ಎದ್ದು, ಗಾಜಿನ ಬೀರುವಿನಲ್ಲಿ ಮದ್ಯದ ಲೋಟಗಳ ಹಿಂದೆ ಅದನ್ನಿಟ್ಟು ಬೀಗ ಹಾಕಿ, ಬೀಗದಕೈ ಅಂಗಿಯ ಜೇಬಿಗೆ ಹಾಕಿಕೊಂಡ.

"ಸರಿ, ಫೋನಿಗೆ ಬೀಗ ಬಿತ್ತು," ಎಂದಳು ಟಿಯಾನಾ. "ನಾಳೆ ಅಜ್ಜಿಗೆ ಸ್ನಾನ ಮಾಡ್ಸೋರು ಯಾರು? ಅಮ್ಮನ ಕೈ ಮೂರು ವಾರ ನೀರು ಮುಟ್ಟೋ ಹಾಗಿಲ್ಲ."

ಝಿವ್ಕಾ ಕೈಚೀಲ ಹುಡುಕಿದಳು. ಮಿಲುಟಿನ್ ಮೊಸರಿನ ಲೋಟದೊಳಗೆ ನೋಡಿದ.

ಮಿಲುಟಿನ್ ಹತ್ತು ದಿನ ರಜೆ ಹಾಕಿದ. ಮೀನು ಹಿಡಿಯಲು ಹೋಗಬೇಕೆಂದು ಉಳಿಸಿಟ್ಟಿದ್ದ ರಜೆ ಅದು. ಮೊದಲ ದಿನ ಬೆಳಿಗ್ಗೆ ತೋಳು ಮಡಚಿಕೊಂಡು ಬಂದು, "ಎರಡು ಬಸ್ಸಿನ ಜನ ಸಂಭಾಳಿಸ್ತೀನಿ ನಾನು, ಒಂದು ಮನೆ ಏನು ಮಹಾ," ಎಂದ. ಹತ್ತು ಗಂಟೆಯ ಹೊತ್ತಿಗೆ ಅರ್ಧ ಆಲೂಗಡ್ಡೆ ಸಿಪ್ಪೆಯ ಜೊತೆ ಹೋಗಿತ್ತು. ಬಟ್ಟೆ ಒಗೆಯುವ ಯಂತ್ರದಿಂದ ಅವನ ಬಿಳಿ ಅಂಗಿಗಳೆಲ್ಲ ಟಿಯಾನಾಳ ಕೆಂಪು ಕಾಲುಚೀಲದ ಬಣ್ಣ ಕುಡಿದು ಹೊರಗೆ ಬಂದವು.

"ಆಡು ಒಳಗೆ ಬಂದ್ವಾ?"

"ಅಮ್ಮ, ನಮ್ಮನೇಲಿ ಆಡು ಇಲ್ಲ. ಯಾವತ್ತೂ ಇರಲಿಲ್ಲ. ನಾವು ಪೇಟೇಲಿದೀವಿ."

ಸ್ತಾಮೆನಾ ಅವನನ್ನು ದಿಟ್ಟಿಸಿ ನೋಡಿದಳು. "ಎಲ್ಲಾ ಕಳೆದುಹೋದ್ವಾ?" ಎಂದು ಕೇಳಿ ಅಳಲು ಶುರುಮಾಡಿದಳು. ಒಂದು ಗಂಟೆ ಅತ್ತಳು. ಅಪ್ಪ ಹೊಡೀತಾನೆ ಎಂದು ಅತ್ತಳು. ಮಿಲುಟಿನ್ ನೀರು ಕೊಟ್ಟ, ಬಿಸ್ಕತ್ತು ಕೊಟ್ಟ, ಟೀವಿ ಹಾಕಿದ. ಯಾಗೋದಾ ಸೋಫಾದ ಮೇಲೆ ಕೈ ಎತ್ತಿಟ್ಟುಕೊಂಡು ಕೂತಿದ್ದವಳು ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಇನ್ನೇನು ಸಲಹೆ ಕೊಟ್ಟರೂ ತನ್ನ ಮುಖಕ್ಕೆ ವಾಪಸು ಬರುತ್ತದೆ ಎಂದು ಅವಳಿಗೆ ಅನ್ನಿಸಿತ್ತು. ಆ ಮನೆಯಲ್ಲಿ ಆ ದಿನಗಳಲ್ಲಿ ಗಂಡಹೆಂಡಿರ ನಡುವೆ ಉಪ್ಪು, ಮಾತ್ರೆ, ಟವೆಲ್ಲು ಇಷ್ಟೇ ಮಾತು.

ಸ್ನಾನಕ್ಕೆ ಕರೆದರೆ ಸ್ತಾಮೆನಾ ಮಗನನ್ನು ನೂಕಿದಳು. "ಯಾರು ಈ ಗಂಡಸು? ಹೊರಗೆ ಕಳಿಸಿ ಇವನನ್ನ." ಅವನು ಬಚ್ಚಲಿನ ಬಾಗಿಲ ಹೊರಗೆ ನಿಂತ. ಒಳಗೆ ಟಿಯಾನಾ ನೀರು ಹೊಯ್ದಳು, ಯಾಗೋದಾ ಎಡಗೈಯಿಂದ ಬೆನ್ನುಜ್ಜಿದಳು. ಮೂರನೆಯ ದಿನ ಅಡುಗೆಮನೆಯಿಂದ ಮಿಲುಟಿನನ ದನಿ ಯಾಗೋದಾಳ ಕಿವಿಗೆ ಬಿತ್ತು.

"ಬಂದ್ವು ಅಮ್ಮ. ಎಲ್ಲಾ ಬಂದ್ವು."

"ಕುಂಟ ಆಡೂ?"

"ಅದೂ ಬಂತು. ಎತ್ತಿಕೊಂಡು ಬಂದೆ."

ಆರನೆಯ ದಿನ ಯಾಗೋದಾ ಕೈಯ ಪಟ್ಟಿ ಬದಲಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದಳು. ಅವತ್ತು ಸಾಲು ಚಿಕ್ಕದಿತ್ತು, ಬೇಗ ಮುಗಿಯಿತು. ಮನೆಗೆ ಬಂದರೆ ಗೇಟಿಗೆ ತಂತಿ ಬಿಗಿದಿತ್ತು, ಎಡಗೈಯಲ್ಲಿ ಬಿಚ್ಚಲು ಹೊತ್ತು ಹಿಡಿಯಿತು. ಒಳಗೆ ಒಲೆ ಆರಿತ್ತು. ಸ್ತಾಮೆನಾ ತನ್ನ ಕೋಣೆಯಿಂದ, "ಯಾರಿದೀರಿ ಅಲ್ಲಿ? ಯಾರಾದ್ರೂ ಇದೀರಾ?" ಎಂದು ಕೂಗುತ್ತಿದ್ದಳು. ಯಾಗೋದಾ ಅವಳಿಗೆ ದನಿ ಕೊಟ್ಟು, ಮಿಲುಟಿನನನ್ನು ಹುಡುಕಿದಳು. ಉಗ್ರಾಣದ ಬಾಗಿಲು ಓರೆಯಾಗಿತ್ತು. ಉಪ್ಪಿನಕಾಯಿ ಜಾಡಿಗಳ ನಡುವೆ, ಮಗುಚಿದ ಪೆಟ್ಟಿಗೆಯ ಮೇಲೆ, ಅರವತ್ತೊಂದು ವರ್ಷದ ಗಂಡಸು ಮೊಣಕಾಲು ಮಡಚಿ ಕೂತಿದ್ದ. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಅವಳ ಫೋನು. ಬಾತುಕೋಳಿಗಳ ಸದ್ದು ಬರುತ್ತಿತ್ತು.

ಅವನು ತಲೆ ಎತ್ತಿದ. ಮೊದಲು ಅವನ ಬಾಯಿಂದ ಬಂದ ಮಾತು, "ಗೇಟಿಗೆ ತಂತಿ ಬಿಗಿದಿದೀನಿ," ಎಂದು.

"ನೋಡ್ದೆ," ಎಂದಳು ಯಾಗೋದಾ. "ಎಷ್ಟನೇ ಹಂತ?"

"ಸಾವಿರದ ನೂರ ನಲವತ್ತೆರಡು."

"ನಾನು ಬಿಟ್ಟಾಗ ಮೂವತ್ತೆಂಟಿತ್ತು."

"ಮೂರು ದಿನದಿಂದ ಆಡ್ತಿದೀನಿ. ಮೊದಲು ಏನಿದೆ ಇದರಲ್ಲಿ ಅಂತ ನೋಡೋಣ ಅಂತ ತೆಗೆದೆ."

"ನನ್ನ ಸುತ್ತಿಗೆಗಳು ಎಷ್ಟು ಉಳಿದಿವೆ?"

ಹಣ್ಣು ಒಡೆಯುವ ಆ ಸುತ್ತಿಗೆಗಳನ್ನು ಅವಳು ಬೇಸಿಗೆಯೆಲ್ಲ ಒಂದೊಂದಾಗಿ ಗೆದ್ದು ಕೂಡಿಟ್ಟಿದ್ದಳು. ಹನ್ನೊಂದಿದ್ದವು.

"ಎರಡು," ಎಂದ ಮಿಲುಟಿನ್. ಅವನ ಕಿವಿ ಕೆಂಪಾಗಿತ್ತು.

ಯಾಗೋದಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಬಾಗಿಲಿಗೆ ಒರಗಿ ಭುಜ ಕುಲುಕಿಸಿ ನಕ್ಕಳು. ಅವನು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ನಿನ್ನ ಹೆಂಗಸರು ಬರೀತಿದಾರೆ," ಎಂದ. "ಯಾಗೋದಾ ಎಲ್ಲಿ, ಹುಷಾರಿಲ್ವಾ, ಅತ್ತೆ ಹೇಗಿದಾರೆ, ಅಂತ ದಿನಾ. ನಾನು ಅವಳ ಗಂಡ, ಕೈ ಸುಟ್ಟಿದೆ ಅಂತ ಬರೆದೆ. ಅಲ್ಲಿಂದ ಶುರುವಾಯ್ತು ನೋಡು. ಯಾವ ಕೈ, ಎಷ್ಟು ಸುಟ್ಟಿದೆ, ಅಡುಗೆ ಯಾರು ಮಾಡ್ತಿದಾರೆ. ನಾನೇ ಮಾಡ್ತಿದೀನಿ, ಆಲೂಗಡ್ಡೆ ಬೇಯಿಸ್ದೆ ಅಂದ್ರೆ, ಮೂರು ದಿನದಿಂದ ಆಲೂಗಡ್ಡೇನಾ, ಅವಳಿಗೆ ಕೋಳಿ ಸಾರು ಮಾಡ್ಕೊಡು ಅಂತ ಝಾಯೆಚಾರಿನ ಒಬ್ಬಳು ಬೈದಿದಾಳೆ."

"ಬೋಸಿಲ್ಕಾ."

"ಅವಳೇ. ಸ್ಕೋಪ್ಯೆಯವಳು, ಅತ್ತೆಗೆ ಮಾತ್ರೆ ಪ್ಲಮ್ ಹಣ್ಣಿನ ಜಾಮಿನಲ್ಲಿಟ್ಟು ಕೊಡ್ತಿದೀಯಾ ಅಂತ ಕೇಳಿದಾಳೆ. ಇಲ್ಲದಿದ್ರೆ ಉಗುಳ್ತಾರಂತೆ. ನನಗೆ ಅದು ಗೊತ್ತೇ ಇರಲಿಲ್ಲ, ಯಾಗೋದಾ. ನಾಲ್ಕು ದಿನ ಉಗುಳಿಸಿಕೊಂಡೆ." ಅವನು ಫೋನನ್ನು ಅವಳ ಎಡಗೈಗೆ ಕೊಟ್ಟ. "ನನ್ನಮ್ಮನಿಗೆ ಏನು ಬೇಕು ಅಂತ ಸ್ಕೋಪ್ಯೆಯವಳಿಗೆ ಗೊತ್ತು."

ಯಾಗೋದಾ ಅವನ ಎದುರಿನ ಚೀಲದ ಮೇಲೆ ಕೂತಳು. ಕೋಣೆಯಿಂದ ಸ್ತಾಮೆನಾ ಈಗ ಏನೋ ಗುನುಗುತ್ತಿದ್ದಳು.

"ಒಂದು ಮಾತು ಹೇಳ್ಬೇಕು ನಿನಗೆ," ಎಂದಳು. "ಅವತ್ತು ಅತ್ತೆ ತಾವಾಗಿ ಹೋಗ್ಲಿಲ್ಲ. ಆಡು ಬಂದ್ವಾ ಅಂದ್ರು, ನಾನು ಇನ್ನೂ ಇಲ್ಲ ಅಂದೆ. ಫೋನ್ ನೋಡ್ತಾ ಬಾಯಿಗೆ ಬಂದಿದ್ದು ಅಂದೆ. ಅದಕ್ಕೇ ಹುಡುಕೋಕೆ ಹೋದ್ರು. ನಾನೇ ಕಳಿಸಿದ ಹಾಗೆ ಆಯ್ತು."

ಮಿಲುಟಿನ್ ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡ.

"ನಾನು ಮೊದಲನೇ ದಿನ ಅಮ್ಮನಿಗೆ ನಮ್ಮನೇಲಿ ಆಡೇ ಇಲ್ಲ ಅಂದೆ," ಎಂದ. "ಅತ್ತು ಸುಮ್ಮನಾದ್ಲು ಅಂದ್ಕೊಂಡೆ. ಸಂಜೆ ಬಟ್ಟೆ ಒಣಹಾಕಿ ಬಂದು ನೋಡಿದ್ರೆ ಗೇಟಿನ ಹೊರಗೆ ಒಂದು ಕಾಲು ಇಟ್ಟಿದ್ಲು. ಆಮೇಲೇ ತಂತಿ ತಂದಿದ್ದು. ನಿನಗೆ ಹೇಳ್ಲಿಲ್ಲ."

ಆಮೇಲೆ ಅವನು ಎದ್ದು ತಾಯಿಯ ಕೋಣೆಗೆ ಹೋದ. ಯಾಗೋದಾ ಎಡಗೈಯ ಹೆಬ್ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, ದಂಡಿಗೆ ಬರೆದಳು: ಕೈ ವಾಸಿಯಾಗುತ್ತಿದೆ, ಇನ್ನು ಬೋಸಿಲ್ಕಾಳೇ ನಾಯಕಿ, ನಾನು ಬಿಡುವಾದಾಗ ಬರುತ್ತೇನೆ.

ಮುಂದಿನ ಭಾನುವಾರ ಝಿವ್ಕಾ ಅಕ್ರೋಟಿನ ಸುರುಳಿ ಕೇಕು ತಂದಳು. ಕಾಫಿ ಮಾಡಿದವನು ಮಿಲುಟಿನ್, ಅದು ಉಕ್ಕಿ ಒಲೆಯೆಲ್ಲ ರಾಡಿಯಾಗಿತ್ತು. ಅವಳು ಒಂದು ಗುಟುಕು ಕುಡಿದು ಲೋಟ ಕೆಳಗಿಡುವುದನ್ನೇ ಕಾದಿದ್ದವನಂತೆ ಅವನು ಮಾತು ತೆಗೆದ.

"ನನ್ನ ರಜೆ ಬುಧವಾರಕ್ಕೆ ಮುಗಿಯತ್ತೆ. ಗುರುವಾರದ ಪಾಳಿ ಸಂಜೆಗೆ ಬದಲಾಯಿಸ್ಕೊಂಡಿದೀನಿ, ಅವತ್ತು ಬೆಳಿಗ್ಗೆ ಅಮ್ಮ ನನ್ನ ಜವಾಬ್ದಾರಿ. ಶನಿವಾರ ಟಿಯಾನಾ. ಮಂಗಳವಾರ, ಶುಕ್ರವಾರ ಎಂಟರಿಂದ ಹನ್ನೆರಡು ನೀನು."

"ನಾನಾ?" ಝಿವ್ಕಾ ಅಣ್ಣನನ್ನೂ ಅತ್ತಿಗೆಯನ್ನೂ ನೋಡಿದಳು. "ನನಗೆ ಮನೆ ಇಲ್ವಾ, ಗಂಡ ಇಲ್ವಾ? ನನ್ನ ಬೆನ್ನಿನ ಕಥೆ ಗೊತ್ತಲ್ಲ ನಿನಗೆ. ಮನೇಲಿ ಸೊಸೆ ಇರೋವಾಗ ಮಗಳು ಬಂದು ಮಾಡೋದು ಎಲ್ಲಾದ್ರೂ ಇದೆಯಾ?"

"ಮಗಳು ಭಾನುವಾರ ಬಂದು ಉಗುರು ನೋಡೋದು ಇದೆ," ಎಂದ ಮಿಲುಟಿನ್.

"ಇವಳಿಗೆ ಆಟ ಆಡೋಕೆ ಬಿಡುವು ಬೇಕು, ಅದಕ್ಕೆ ನಾನು ಬಂದು ಕಾಯ್ಬೇಕು. ಹಾಗೆ ಹೇಳು ನೇರವಾಗಿ."

ಯಾಗೋದಾ ಬಲಗೈಯನ್ನು ಮೇಜಿನ ಮೇಲಿಟ್ಟಳು. ಪಟ್ಟಿ ಆಗ ತೆಳುವಾಗಿತ್ತು, ಬೆರಳ ತುದಿಗಳು ಹೊರಗೆ ಕಾಣುತ್ತಿದ್ದವು.

"ಹೌದು, ಆಡ್ತೀನಿ," ಎಂದಳು. "ಒಲೆ ಉರೀತಿರುವಾಗ, ಅತ್ತೆ ಎದ್ದಿರುವಾಗ ಇನ್ನು ಮುಟ್ಟಲ್ಲ. ಆವತ್ತಿನ ತಪ್ಪು ನನ್ನದು, ಅದನ್ನ ನಿನ್ನ ಮುಂದೆಯೂ ಒಪ್ಕೋತೀನಿ. ಆದ್ರೆ ಒಂದು ಕೇಳು ಝಿವ್ಕಾ. ಅಲ್ಲಿ ಒಂದು ಕೆಲಸ ಮುಗಿದ್ರೆ ಬಾತುಕೋಳಿಗಳು ಕುಣೀತವೆ. ನಾನು ಒಂದೂವರೆ ವರ್ಷದಿಂದ ನಿನ್ನಮ್ಮನ ಹಾಸಿಗೆ ಬದಲಾಯಿಸ್ತಿದೀನಿ. ಒಂದು ದಿನ ಯಾರಾದ್ರೂ ಕುಣಿಯೋದು ಬೇಡ, ಆಯ್ತಾ ಅಂತಾದ್ರೂ ಕೇಳಿದ್ರಾ?"

ಟಿಯಾನಾ ಕೇಕು ಕತ್ತರಿಸುವುದನ್ನು ನಿಲ್ಲಿಸಿದಳು. ಮಿಲುಟಿನ್ ಮೇಜಿನ ಬಟ್ಟೆಯ ಮೇಲಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತಿದ್ದ.

"ಮಂಗಳವಾರ ಬರ್ತೀನಿ," ಎಂದಳು ಝಿವ್ಕಾ ಕೊನೆಗೆ. "ಶುಕ್ರವಾರದ್ದು ಆಮೇಲೆ ನೋಡೋಣ."

ಮಿಲುಟಿನನ ರಜೆ ಮುಗಿದ ಮೇಲಿನ ಮಂಗಳವಾರ ಎಂಟಕ್ಕೆ ಹತ್ತು ನಿಮಿಷವಿದ್ದಾಗ ಝಿವ್ಕಾ ಮನೆಯಲ್ಲುಡುವ ಹಳೆಯ ಬಟ್ಟೆಯಲ್ಲೇ ಬಂದಳು. ಯಾಗೋದಾ ಅವಳಿಗೆ ಮಾತ್ರೆ, ಜಾಮು, ಟವೆಲ್ಲು ಎಲ್ಲ ತೋರಿಸಿ, ಆಡುಗಳ ಬಗ್ಗೆ ಕೇಳಿದರೆ ಏನನ್ನಬೇಕು ಎಂಬುದನ್ನೂ ಹೇಳಿ, ಕೋಟು ಹಾಕಿಕೊಂಡು ಹೊರಬಿದ್ದಳು. ಗೇಟಿನ ಆಚೆ ನಿಂತಾಗ ಎತ್ತ ಹೋಗುವುದೆಂದು ತಿಳಿಯಲಿಲ್ಲ. ಇಷ್ಟು ದಿನ ಹೊರಗೆ ಬಂದರೆ ಬ್ರೆಡ್ಡಿಗೆ, ಔಷಧಿಗೆ, ಓಡಿ ಹೋಗಿ ಓಡಿ ಬರುವುದಷ್ಟೇ ಆಗಿತ್ತು. ಸಂತೆಯಲ್ಲಿ ಏನೂ ಕೊಳ್ಳದೆ ಸುತ್ತಿದಳು. ಎಲೆಕೋಸಿನ ರಾಶಿ ಬಂದಿತ್ತು. ಗಿರಣಿಯ ಹಳೆಯ ಗೋಡೆಯವರೆಗೆ ನಡೆದು ಹೋಗಿ, ಅಲ್ಲಿಂದ ಹೊಳೆಯ ದಡ ಹಿಡಿದು ವಾಪಸು ಬಂದಳು. ಕಾಲು ನೋಯತೊಡಗಿದಾಗ ಸೇತುವೆಯ ಹತ್ತಿರದ ಮಿಠಾಯಿ ಅಂಗಡಿಗೆ ಹೋಗಿ ಕಿಟಕಿಯ ಪಕ್ಕ ಕೂತು, ಕೆನೆ ಕೇಕು ಹೇಳಿದಳು.

ಫೋನು ತೆಗೆದು ಒಂದು ಆಟ ಆಡಿದಳು. ಹೊಸ ಚರ್ಮದ ಬೆರಳು ಇನ್ನೂ ಮೊದಲಿನಷ್ಟು ಚುರುಕಿರಲಿಲ್ಲ, ಸೋತಳು. ಇನ್ನೊಂದು ಆಡೋಣ ಎನ್ನುವಷ್ಟರಲ್ಲಿ ಕೇಕು ಬಂತು. ಫೋನು ಮೇಜಿನ ಮೇಲಿಟ್ಟು ತಿನ್ನತೊಡಗಿದಳು.

ಎರಡು ತುತ್ತು ತಿಂದಿರಬಹುದು, ಝಿವ್ಕಾಳ ಕರೆ ಬಂತು.

"ಅಮ್ಮ ಗಂಜಿ ತಿಂತಿಲ್ಲ."

"ಸ್ವಲ್ಪ ಹೊತ್ತು ಬಿಟ್ಟು ಕೊಡು. ಚಿಕ್ಕ ಚಮಚದಲ್ಲಿ."

ಹತ್ತು ನಿಮಿಷಕ್ಕೆ ಮತ್ತೆ ಬಂತು.

"ಯಾಗೋದಾ, ಅಮ್ಮ ನನ್ನನ್ನ ಯಾರು ನೀನು ಅಂತ ಕೇಳ್ತಿದಾಳೆ."

"ಹೂಂ."

"ಭಾನುವಾರ ಬಂದಾಗೆಲ್ಲ ನನ್ನ ಕೈ ಹಿಡ್ಕೊಂಡು ಕೂತಿರ್ತಿದ್ಲಲ್ಲ. ಗೊತ್ತಿದೆ ಅಂತಾನೇ ಅಂದ್ಕೊಂಡಿದ್ದೆ."

ಮಗಳ ಗುರುತು ಸಿಗುತ್ತಿಲ್ಲ ಎಂಬುದು ಯಾಗೋದಾಗೆ ಒಂದು ವರ್ಷದಿಂದ ಗೊತ್ತಿದ್ದ ಸಂಗತಿ. ಎಷ್ಟೇ ಜಗಳವಾದರೂ ಅದೊಂದನ್ನು ಅವಳು ಝಿವ್ಕಾಳಿಗೆ ಹೇಳಿರಲಿಲ್ಲ.

"ಏನು ಹೇಳ್ಲಿ ಅವಳಿಗೆ?"

"ಹೆಸರು ಹೇಳು. ಮತ್ತೆ ಕೇಳ್ತಾರೆ, ಮತ್ತೆ ಹೇಳು. ಕೋಪ ಮಾಡ್ಕೋಬೇಡ."

"ನೀನು ಬರ್ತೀಯಾ?"

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು. ಯಾಗೋದಾಳ ಕೈ ಆಗಲೇ ಚೀಲದ ಹಿಡಿಯ ಮೇಲಿತ್ತು, ಅರ್ಧ ಎದ್ದೂ ಇದ್ದಳು. ಕಿಟಕಿಯಾಚೆ ಬಸ್ಸೊಂದು ನಿಂತು ಜನರನ್ನು ಇಳಿಸಿ ಮುಂದೆ ಹೋಯಿತು. ಅವಳು ಮತ್ತೆ ಕೂತಳು.

"ಹನ್ನೆರಡಕ್ಕೆ ಬರ್ತೀನಿ ಝಿವ್ಕಾ."

ಆ ಕಡೆಯಿಂದ ಕರೆ ಕಡಿಯಲಿಲ್ಲ. ಝಿವ್ಕಾ ಫೋನನ್ನು ಎಲ್ಲೋ ಇಟ್ಟಿರಬೇಕು. ಕುರ್ಚಿ ಎಳೆದ ಸದ್ದಾಯಿತು. ದೂರದಿಂದ, ಸಣ್ಣದಾಗಿ, ಅವಳ ದನಿ ಕೇಳಿಸಿತು.

"ನಾನು ಝಿವ್ಕಾ, ಅಮ್ಮ. ನಿನ್ನ ಮಗಳು."

ಸ್ತಾಮೆನಾ ಏನೋ ಕೇಳಿದಳು.

"ಝಿವ್ಕಾ. ನಿನ್ನ ಮಗಳು ಝಿವ್ಕಾ."

ಯಾಗೋದಾ ಇನ್ನೂ ಒಂದು ಸಲ ಆ ಮಾತು ಕೇಳಿಸಿಕೊಂಡಳು. ಆಮೇಲೆ ತಾನೇ ಕರೆ ಕಡಿದು, ಚಮಚ ಎತ್ತಿಕೊಂಡಳು.